‘ಯಾರೂ ಅಲ್ಲ’ ಎಂದ ಸೋಮವಾರ

ಇಂಗ್ಲೆಂಡಿಗೆ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ, ಪಕ್ಕದ ಮನೆಯ ಮುಂದೆ ಬಿಳಿಯ ಮುದುಕಿಯೊಬ್ಬಳು ಮೊಣಕಾಲೂರಿ ಕುಳಿತು ಮೆಟ್ಟಿಲು ತಿಕ್ಕುತ್ತಿದ್ದಳು. ಉಸಿರು ಬಿಟ್ಟರೆ ಹೊಗೆಯಾಗುವಂಥ ಚಳಿ. ಪಕ್ಕದಲ್ಲಿ ಬಕೆಟ್ಟು, ಕೈಯಲ್ಲಿ ಸಾಬೂನಿನಷ್ಟು ದೊಡ್ಡದೊಂದು ಹಳದಿ ಕಲ್ಲು. ತೊಳೆದಾದ ಮೇಲೆ ಆ ಕಲ್ಲಿನಿಂದಲೇ ಮೆಟ್ಟಿಲಿನ ಅಂಚಿಗೆ ಉದ್ದಕ್ಕೊಂದು ಗೆರೆ ಎಳೆದಳು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮನಗೂಳಿಯಲ್ಲಿ ಹುಟ್ಟಿ ಬೆಳೆದ ನನಗೆ ಬಿಳಿಯರೆಂದರೆ ನಮ್ಮ ಅಜ್ಜ ಹೇಳುತ್ತಿದ್ದ ಕುದುರೆ ಮೇಲಿನ ಸಾಹೇಬರು. ಅವರ ಹೆಂಗಸರೂ ನೆಲಕ್ಕೆ ಮೊಣಕಾಲು ಊರುತ್ತಾರೆ, ಬೆಳಗಾಗೆದ್ದು ಹೊಸ್ತಿಲು ತೊಳೆದು ರಂಗೋಲಿಯ ಹಾಗೆ ಗೆರೆ ಎಳೆಯುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಆಕೆ ತಲೆಯೆತ್ತಿ, “ಮಾರ್ನಿಂಗ್, ಲವ್” ಅಂದಳು.

ಲವ್ ಎಂದರೆ ಪ್ರೀತಿ ಎಂದು ನಾನು ಹೈಸ್ಕೂಲಿನಲ್ಲಿ ಕಲಿತಿದ್ದೆ. ಮುಖ ಕೆಂಪಾಗಿ ಒಳಗೆ ಓಡಿದೆ. ನಮ್ಮ ಮನೆಯವರು ಬಿದ್ದು ಬಿದ್ದು ನಕ್ಕರು. “ಇಲ್ಲೆ ಎಲ್ಲಾರಿಗೂ ಹಂಗ ಅಂತಾರ. ಬಸ್ ಕಂಡಕ್ಟರ ನನಗೂ ಅಂತಾನ” ಅಂದರು. ಗಟ್ಟಿ ಮನಸ್ಸು ಮಾಡಿ ಮತ್ತೆ ಹೊರಗೆ ಬಂದೆ. ಮುದುಕಿ ನಮ್ಮ ಮೆಟ್ಟಿಲನ್ನೂ ತಿಕ್ಕುತ್ತಿದ್ದಳು! ಕೇಳಿದರೆ, ಗೋಡೆ ಒಂದೇ ಅಂದ ಮೇಲೆ ಮೆಟ್ಟಿಲೂ ಒಂದೇ ಅಂದಳು. ಹೆಸರು ಮಿಸೆಸ್ ಹೋಲ್ಟ್. ಗಂಡ ತೀರಿಕೊಂಡಿದ್ದ. ಆಕೆ ಮಾತಾಡುವುದು ಆ ಕಡೆಯ ಒರಟು ಇಂಗ್ಲಿಷು. ಅದಕ್ಕೆ ಇಲ್ಲಿ ಆಕೆಯ ಮಾತನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಹೀಗೆ ಪರದೇಶದ ಮೊದಲನೆಯ ಬೆಳಗಿನಲ್ಲೇ ನೆರೆಯವಳೊಬ್ಬಳನ್ನು ದೇವರು ಕೊಟ್ಟ. ಆ ದಿನದ ದಯೆಯೆಂದು ಅದನ್ನು ಎಣಿಸಿಕೊಂಡೆ. ದಿನಕ್ಕೊಂದಾದರೂ ದಯೆಯನ್ನು ಎಣಿಸಿ ಮಲಗಬೇಕೆಂದು ನನ್ನ ತಾಯಿ ಕಲಿಸಿದ್ದಳು.

ನಮ್ಮ ಮನೆಯವರು ಸಿಂದಗಿ ತಾಲೂಕಿನ ದೇವಣಗಾಂವದವರು. ಇಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬಾಯಿಂದಲೂ ಹೇಳುವುದಿಲ್ಲ. ಮದುವೆಯಲ್ಲಿ ನಾಲ್ಕು ಜನ ಸುತ್ತಗಟ್ಟಿ ಒಡಪು ಹಾಕು, ಹೆಸರು ಹೇಳು ಎಂದು ಕಾಡಿದಾಗ ಪ್ರಾಸ ಕಟ್ಟಿ ಒಮ್ಮೆ ಹೇಳಿದ್ದು, ಅಷ್ಟೇ. ನನ್ನ ಅತ್ತೆ ಸಾಯುವ ತನಕ ಮಾವನ ಹೆಸರು ಹೇಳಲಿಲ್ಲ. ಇದನ್ನು ನಗೆಯಾಡುವವರು ಇದ್ದಾರೆ, ನಗಲಿ. ಆದರೆ ನಾನು ಹೇಳಬೇಕಾದದ್ದು ಈ ಹೆಸರಿನಿಂದಲೇ ಶುರುವಾಗುತ್ತದೆ.

ಊರು ಎಂಥದೆಂದರೆ, ಉಣ್ಣೆಯ ಗಿರಣಿಗಳ ಊರು. ಕೆಂಪು ಇಟ್ಟಿಗೆಯ ಮನೆಗಳು ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡು ಗುಡ್ಡದ ಮೇಲಿನವರೆಗೆ ಹೋಗುತ್ತವೆ. ನಮ್ಮಲ್ಲಿ ಮನೆಗೆ ಅಂಗಳ, ಪಡಸಾಲೆ, ದನದ ಕೊಟ್ಟಿಗೆ ಎಲ್ಲ ಇದ್ದು ಗುಟ್ಟೆಂಬುದು ಇರುವುದಿಲ್ಲ. ಇಲ್ಲಿ ಅಂಗೈ ಅಗಲದ ಮನೆ, ಆದರೆ ಬಾಗಿಲು ಸದಾ ಮುಚ್ಚಿರುತ್ತದೆ. ಹಾಲಿನವನು ಬಾಟಲಿಯನ್ನು ಹೊರಗೇ ಇಟ್ಟು ಹೋಗುತ್ತಾನೆ, ಯಾರೂ ಮುಟ್ಟುವುದಿಲ್ಲ. ನಾನು ಊರಿನಿಂದ ಒಂದು ಚೀಲ ಜೋಳದ ಹಿಟ್ಟು ತಂದಿದ್ದೆ. ವಿಮಾನ ನಿಲ್ದಾಣದಲ್ಲಿ ಅದನ್ನು ಬಿಚ್ಚಿ, ಮೂಸಿ, ನಮ್ಮ ಇಂಡಿ ತಾಲೂಕಿನ ಲಿಂಬೆಕಾಯಿ ಉಪ್ಪಿನಕಾಯಿಯ ಭರಣಿಗೂ ಕಡ್ಡಿ ಹಾಕಿ ನೋಡಿದ್ದರು. ಮೊದಲ ಸಲ ರೊಟ್ಟಿ ಬಡಿದಾಗ ಗೋಡೆಯಾಚೆಯಿಂದ ಮಿಸೆಸ್ ಹೋಲ್ಟ್ ಓಡಿ ಬಂದಳು.

“ಏನ್ ಬಡ್ಯಾಕತ್ತಿ? ಗೋಡಿ ಒಡದ್ಯೇನು?”

ರೊಟ್ಟಿ ತೋರಿಸಿದೆ. ಒಂದು ತುಂಡು ಮುರಿದು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, “ಒಳ್ಳೇ ಬೂಟಿನ ತಳ ಆದೀತು” ಅಂದಳು. ನಂತರ ಬೆಣ್ಣೆ ಸವರಿ ಇನ್ನೊಂದು ತಿಂದಳು.

ಒಂಟಿತನವನ್ನು ಹೇಗೆ ಹೇಳಲಿ? ಮನೆಯವರು ಬೆಳಿಗ್ಗೆ ಹೋದರೆ ಯಾವ ಹೊತ್ತಿಗೆ ಬರುವರೋ ಗೊತ್ತಿಲ್ಲ. ಮಕ್ಕಳಿನ್ನೂ ಆಗಿರಲಿಲ್ಲ. ಇಷ್ಟಲಿಂಗ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಅಡುಗೆ ಮಾಡಿದರೆ ದಿನ ಮುಗಿಯುತ್ತಿರಲಿಲ್ಲ. ಕನ್ನಡದಲ್ಲಿ ಮಾತಾಡಬೇಕೆಂಬ ಆಸೆಗೆ ಒಲೆಯನ್ನೂ ಉಳ್ಳಾಗಡ್ಡಿಯನ್ನೂ ಬೈಯುತ್ತಿದ್ದೆ. ಒಂದು ದಿನ ಮಾರ್ಕೆಟ್ಟಿನಲ್ಲಿ ಬೆಳ್ಳುಳ್ಳಿಯ ಮುಂದೆ ನಿಂತು ಹಾಗೇ ಗೊಣಗಿದೆ: “ಏನ್ ತುಟ್ಟಿ ಅದಾವೋ ಶಿವನ, ಬಂಗಾರದ ಬಳ್ಳೊಳ್ಳಿ ಏನಿವು!”

ಹಿಂದಿನಿಂದ ಧ್ವನಿ ಬಂತು. “ತುಟ್ಟಿ ಅದಾವ್ರಿ. ಆ ತುದಿ ಅಂಗಡ್ಯಾಗ ಸಸ್ತಾ ಸಿಗ್ತಾವ್ರಿ ಅಕ್ಕಾ.”

ತಿರುಗಿ ನೋಡಿದೆ. ನನ್ನದೇ ವಯಸ್ಸಿನ, ಮೂವತ್ತು ದಾಟಿದ ಮನುಷ್ಯ. ದೊಡ್ಡ ಕೋಟು, ಅದರೊಳಗೆ ಸಣ್ಣ ದೇಹ. ಮೈಯೆಲ್ಲ ಉಣ್ಣೆಯ ವಾಸನೆ.

“ಯಾವೂರಪ್ಪಾ?” ಎಂದೆ.

“ನಾಲತವಾಡರಿ. ಮುದ್ದೇಬಿಹಾಳ ತಾಲೂಕು. ಮಾಳಪ್ಪ ಅಂತಾರ್ರಿ ನಂಗ.”

ಅಲ್ಲೇ, ಆ ಬಿಳಿಯರ ನಡುವೆ, ಕಣ್ಣಲ್ಲಿ ನೀರು ಬಂತು. ಆ ದಿನ ನಾನು ದಯೆಯನ್ನು ಎಣಿಸಲಿಲ್ಲ, ಅದೊಂದೇ ಸಾಕಾಗಿತ್ತು.

ಅವನು ರಾತ್ರಿ ಪಾಳಿಯಲ್ಲಿ ಉಣ್ಣೆ ಹಿಕ್ಕುವ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ. ರವಿವಾರ ರಾತ್ರಿ ರಜೆ. ಸೋಮವಾರ ಮಧ್ಯಾಹ್ನ ಊಟಕ್ಕೆ ಬಾ ಎಂದೆ. ಬಂದ. ಅಂದಿನಿಂದ ಪ್ರತಿ ಸೋಮವಾರ ಬಂದ. ನಾನು ಅವನನ್ನು ತಮ್ಮಾ ಎಂದೆ, ಅವನು ನನ್ನನ್ನು ಅಕ್ಕಾ ಎಂದ. ಕುರಿ ಕಾಯುವವರ ಮನೆಯವನು. ನಿಜ ಬರೆಯಬೇಕಲ್ಲ, ನಮ್ಮ ಮನಗೂಳಿಯ ಮನೆಗೆ ಬಂದಿದ್ದರೆ ಅವನಿಗೆ ಹೊರಗಿನ ಕಟ್ಟೆಯ ಮೇಲೆ ಊಟ ಬಡಿಸುತ್ತಿದ್ದರು. ಇಲ್ಲಿ ನನ್ನ ಅಡುಗೆಮನೆಯ ಕುರ್ಚಿಯ ಮೇಲೆ ಕೂಡಿಸಿ, ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಹಾಕಿಕೊಟ್ಟೆ. ಪರದೇಶಕ್ಕೆ ಬಂದು ನನ್ನ ಮನಸ್ಸು ದೊಡ್ಡದಾಯಿತೆಂದು ಹೆಮ್ಮೆಪಟ್ಟೆ. ಆ ಹೆಮ್ಮೆಯನ್ನು ನೆನೆದರೆ ಈಗ ಮೈ ಸಣ್ಣಗಾಗುತ್ತದೆ.

ಅವನು ಊಟ ಮಾಡಿ ಸುಮ್ಮನೆ ಹೋಗುತ್ತಿರಲಿಲ್ಲ. ಮಿಸೆಸ್ ಹೋಲ್ಟಳ ಹಿತ್ತಲಿನಿಂದ ಕಲ್ಲಿದ್ದಲು ಹೊತ್ತು ಒಳಗೆ ಹಾಕಿ ಕೊಡುತ್ತಿದ್ದ. ಅವಳಿಗೆ ಇವನ ಹೆಸರು ಬಾಯಿಗೆ ಬರದೆ “ಮ್ಯಾಲಿ” ಎಂದು ಕರೆಯುತ್ತಿದ್ದಳು. ನನ್ನನ್ನು ಅವನು ಕಾಡಿಸುವುದೂ ಇತ್ತು.

“ಅಕ್ಕಾ, ಡಾಕ್ಟರ ಸಾಹೇಬ್ರ ಹೆಸರ ಒಮ್ಮೆ ಹೇಳ್ರಿ.”

“ಹೋಗೋ.”

“ಇಲ್ಲೆ ಯಾರಿಗೆ ತಿಳೀತೈತ್ರಿ? ಒಂದ್ ಒಡಪ ಹಾಕಿ ಹೇಳಿಬಿಡ್ರಿ. ಮಿಸೆಸ್ ಹೋಲ್ಟ ಚಪ್ಪಾಳಿ ಹೊಡೀತಾಳ.”

“ಮೊದಲ ನೀ ಲಗ್ನ ಆಗು. ನಿನ್ನ ಹೇಂತಿ ನಿನ್ನ ಹೆಸರ ಹಿಡದ ಕರದ್ರ ಆವಾಗ ಬಾ ನನ್ನ ಕೇಳಾಕ.”

ಅವನ ತಾಯಿಯ ಕಾಗದಗಳು ನಮ್ಮ ವಿಳಾಸಕ್ಕೆ ಬರುತ್ತಿದ್ದವು. ಅವನು ಇರುವ ಕೋಣೆಯಲ್ಲಿ ಪಾಳಿಯ ಮೇಲೆ ಮಲಗುವ ಆರು ಜನ. ಕಾಗದ ಕಳೆದುಹೋಗುತ್ತವೆ ಎಂದಿದ್ದ. ಅದು ಪೂರ್ತಿ ಕಾರಣವಲ್ಲ ಎಂದು ನನಗೆ ಆಮೇಲೆ ತಿಳಿಯಿತು.

ಆ ವರ್ಷ ಇಂಗ್ಲೆಂಡಿನಲ್ಲಿ ಎಲ್ಲಿ ಹೋದರೂ ಒಂದೇ ಮಾತು. ಉಗಾಂಡಾದಿಂದ ಓಡಿಸಿದ ನಮ್ಮವರು ವಿಮಾನ ವಿಮಾನ ಬಂದಿಳಿದಿದ್ದರು. ಹೊಸ ಕಾಯ್ದೆ ಜಾರಿಗೆ ಬಂದಿತ್ತು. ಕದ್ದು ಬಂದವರನ್ನು ಹುಡುಕಿ ತಿರುಗಿ ಕಳಿಸುತ್ತಾರಂತೆ, ದೋಣಿಯಲ್ಲಿ ಬಂದವರನ್ನು ದಂಡೆಯಲ್ಲೇ ಹಿಡಿದರಂತೆ ಎಂದು ಟೀವಿಯಲ್ಲಿ ದಿನವೂ ವಾದ. ಒಬ್ಬ ಬಾಗಿಲು ಮುಚ್ಚಬೇಕೆನ್ನುವವ, ಇನ್ನೊಬ್ಬ ಅವರೂ ಮನುಷ್ಯರೆನ್ನುವವ. ಮಿಸೆಸ್ ಹೋಲ್ಟ್ ಮುಚ್ಚಬೇಕೆನ್ನುವ ಕಡೆಯವಳು. ನನ್ನ ಅಡುಗೆಮನೆಯಲ್ಲೇ ಕುಳಿತು ಚಹಾ ಕುಡಿಯುತ್ತ, “ಎಲ್ಲಾರನೂ ಹಡಗಿನ್ಯಾಗ ತುಂಬಿ ಕಳಸಬೇಕು” ಎನ್ನುವಳು. ನಾನು ಮುಖ ನೋಡಿದರೆ, “ನೀ ಅಲ್ಲ, ಲವ್. ನೀ ಬ್ಯಾರೆ” ಎನ್ನುವಳು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಿತವೆನಿಸುತ್ತಿತ್ತು.

ನಮ್ಮ ಭಾರತೀಯರ ಸಂಘದಲ್ಲೂ ಇದೇ ಚರ್ಚೆ. ಡಾಕ್ಟರರು, ಅಂಗಡಿಯವರು, ಮಾಸ್ತರರು ಸೇರುತ್ತಿದ್ದರು. ಕದ್ದು ಬಂದವರಿಂದ ನಮಗೆಲ್ಲ ಕೆಟ್ಟ ಹೆಸರು, ಅಂಥವರಿಗೆ ಮನೆಯಲ್ಲಿ ಆಸರೆ ಕೊಟ್ಟರೂ ಹೊಸ ಕಾಯ್ದೆಯಲ್ಲಿ ಅಪರಾಧ ಎಂದು ಒಬ್ಬರು ಎದ್ದು ಹೇಳಿದರು. ನಾನು ಹೆಂಗಸರ ಸಾಲಿನಲ್ಲಿ ಕುಳಿತು ಹೌದು ಹೌದು ಎಂದು ತಲೆಯಾಡಿಸಿದೆ. ಆಗ ನನಗೆ ಅತ್ತೆಯ ನೆನಪಾಗಬೇಕಿತ್ತು. ದೇವಣಗಾಂವ ಭೀಮಾ ನದಿಯ ದಂಡೆಯ ಊರು. ಹಿಂದೆ ಆಚೆ ದಂಡೆ ನಿಜಾಮರ ರಾಜ್ಯ, ಈಚೆ ಇಂಗ್ಲಿಷರದು. ಅತ್ತೆ ಆಚೆಯಿಂದ ಮದುವೆಯಾಗಿ ಹರಿಗೋಲಿನಲ್ಲಿ ಕುಳಿತು ಬಂದವರು. ಅವರ ಹತ್ತಿರ ಯಾವ ಕಾಗದವೂ ಇರಲಿಲ್ಲ, ಉಡಿಯಲ್ಲಿ ಐದು ಕೊಬ್ಬರಿ ಬಟ್ಟಲು ಇದ್ದವು. ಗಡಿಯ ಸುಂಕದ ನಾಕೆಯ ಸಿಪಾಯಿ ಎರಡು ಬಟ್ಟಲು ಇಟ್ಟುಕೊಂಡು ಬಿಟ್ಟನೆಂದು ನಗುತ್ತ ಹೇಳುತ್ತಿದ್ದರು.

ಮರುವಾರ ಮಾಳಪ್ಪ ಊಟಕ್ಕೆ ಕುಳಿತಾಗ ಸಂಘದಲ್ಲಿ ಕೇಳಿದ್ದನ್ನೆಲ್ಲ ಅವನಿಗೆ ಹೇಳಿದೆ. “ನಾವು ಕಾಯ್ದೆ ಪ್ರಕಾರ ಬಂದವರು. ಕದ್ದ ಬಂದವರನ್ನ ಹುಡುಕಿ ಕಳಸಬೇಕು ನೋಡು ಮಾಳಪ್ಪಾ. ಅವರ ಸಲುವಾಗಿ ನಮಗ್ಯಾಕ ಕೆಟ್ಟ ಹೆಸರು?”

ಅವನು ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ. “ಹೌದ್ರಿ ಅಕ್ಕಾ” ಅಂದ. ಕೈಯಲ್ಲಿದ್ದ ತುಂಡನ್ನು ತಾಟಿನಲ್ಲಿಟ್ಟು, “ಅಕ್ಕಾ, ನಾನೂ ಹಂಗ ಬಂದಾಂವ್ರಿ” ಅಂದ.

ಮುಂಬಯಿಯ ಬಂದರಿನಲ್ಲಿ ಕೂಲಿ ಮಾಡುತ್ತ ಮಾಡುತ್ತ ಹಡಗಿನ ಖಲಾಸಿಯಾಗಿ ಸೇರಿದ್ದನಂತೆ. ಇಲ್ಲಿಯ ಒಂದು ಬಂದರಿನಲ್ಲಿ ಹಡಗು ನಿಂತಾಗ ಊರು ನೋಡಿ ಬರುತ್ತೇನೆಂದು ಇಳಿದವನು ತಿರುಗಿ ಹತ್ತಲಿಲ್ಲ.

“ಯಾಕ ಇಳದಿಯೋ?”

“ಹನ್ನೊಂದ ತಿಂಗಳ ನೀರ ನೋಡಿ ಬ್ಯಾಸರಾಗಿತ್ರಿ. ನೆಲ ಕಂಡ್ತು, ಇಳದೆ.” ನಕ್ಕ. ನಂತರ ನಗು ನಿಲ್ಲಿಸಿ ಎದ್ದ. “ಇನ್ನ ಮ್ಯಾಲೆ ಬರೂದಿಲ್ರಿ. ನಿಮಗ ತ್ರಾಸ ಆಗೂದ ಬ್ಯಾಡ.”

“ಕುಂದ್ರು” ಎಂದೆ. “ಅರ್ಧ ಊಟದಾಗ ಏಳಬಾರದು.” ಅಷ್ಟು ಮಾತ್ರ ನಾನು ಮಾಡಿದ ಒಳ್ಳೆಯದು. ಅವನ ಗುಟ್ಟನ್ನು ಮನೆಯವರಿಗೂ ಹೇಳಿದೆ. ಅವರು ಹಣೆ ಉಜ್ಜಿಕೊಂಡರು. “ಬರಬ್ಯಾಡ ಅನ್ನಾಕ ನನಗ ಬಾಯಿ ಬರೂದಿಲ್ಲ. ಆದ್ರ ಹುಷಾರಿರು” ಅಂದರು.

ಅದಾಗಿ ಎರಡು ತಿಂಗಳಿಗೆ ಆ ಸೋಮವಾರ ಬಂತು.

ಪೂಜೆ ಮುಗಿದು ಒಲೆಯ ಮೇಲೆ ಬೇಳೆ ಇಟ್ಟಿದ್ದೆ. ಹತ್ತು ಹನ್ನೊಂದು ಗಂಟೆ ಇರಬೇಕು. ಬಾಗಿಲು ಬಡಿದ ಸದ್ದು. ತೆರೆದರೆ ಇಬ್ಬರು, ಒಬ್ಬ ಪೋಲೀಸು, ಇನ್ನೊಬ್ಬ ಸಾದಾ ಕೋಟಿನವ. ಬೀದಿಯಲ್ಲಿ ನಮ್ಮಂಥವರಿರುವ ಮನೆಗಳಲ್ಲೆಲ್ಲ ವಿಚಾರಿಸುತ್ತಿದ್ದೇವೆ ಎಂದರು. ಮಾತು ಮರ್ಯಾದೆಯದೇ. ಮನೆಯಲ್ಲಿ ಎಷ್ಟು ಜನ ಎಂದರು. ಇಬ್ಬರು ಎಂದೆ. ಗಂಡನ ಹೆಸರೇನು ಎಂದರು.

ನನ್ನ ಬಾಯಿ ಕಟ್ಟಿತು. “ಡಾಕ್ಟರ್” ಎಂದೆ. ಡಾಕ್ಟರ್ ಏನು ಎಂದರು. ಆಸ್ಪತ್ರೆ ಎಂದೆ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡನ ಹೆಸರು ಗೊತ್ತಿಲ್ಲದ ಹೆಂಡತಿ ಎಂದರೆ ಅವರಿಗೆ ಏನೆನಿಸಿತೋ. ಪಾಸ್‌ಪೋರ್ಟುಗಳಿದ್ದ ಪೆಟ್ಟಿಗೆಯ ಕೀಲಿ ಮನೆಯವರ ಜೇಬಿನಲ್ಲಿತ್ತು. ಬಾಗಿಲ ಹಿಂದೆ ತಂತಿಗೆ ಚುಚ್ಚಿಟ್ಟ ಕಾಗದಗಳ ಕಟ್ಟು ಕಣ್ಣಿಗೆ ಬಿತ್ತು. ಲಕೋಟೆಯ ಮೇಲೆ ಹೆಸರಿರುತ್ತದಲ್ಲ, ಬಾಯಿಂದ ಹೇಳುವುದು ತಪ್ಪಿತು ಎಂದು ಆ ಕಟ್ಟನ್ನೇ ತೆಗೆದು ಕೈಗೆ ಕೊಟ್ಟೆ. ಉಪಾಯ ಹೊಳೆಯಿತೆಂದು ದೇವರನ್ನು ನೆನೆದೆ ಕೂಡ.

ಕೋಟಿನವನು ಒಂದೊಂದಾಗಿ ತಿರುವಿದ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ನಿಂತ. ತೆಳು ನೀಲಿ ಕಾಗದ. ನಾಲತವಾಡದ ಸಾಲಿ ಮಾಸ್ತರರ ಅಕ್ಷರದಲ್ಲಿ ಮಾಳಪ್ಪನ ಹೆಸರು, ಕೆಳಗೆ ನಮ್ಮ ವಿಳಾಸ.

“ಇವನು ಯಾರು?”

ಸಂಘದಲ್ಲಿ ಕೇಳಿದ ಮಾತು ಕಿವಿಯಲ್ಲಿ ಗುಂಯ್ ಎಂದಿತು. ಆಸರೆ ಕೊಟ್ಟರೂ ಅಪರಾಧ. ಮನೆಯವರ ನೌಕರಿ, ಪಾಸ್‌ಪೋರ್ಟಿಗೆ ವರ್ಷ ವರ್ಷ ಹಾಕಿಸಿಕೊಳ್ಳುವ ಮುದ್ರೆ, ಎಲ್ಲ ಕಣ್ಣ ಮುಂದೆ ಬಂದವು.

“ನಿಮಗೆ ಏನಾಗಬೇಕು? ಸಂಬಂಧಿಕನೇ?”

“ನೋಬಡಿ” ಎಂದೆ. ಯಾರೂ ಅಲ್ಲ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಊಟಕ್ಕೆ ಬರುತ್ತಾನೆ, ಸೋಮವಾರ ಬರುತ್ತಾನೆ, ಗಿರಣಿಯಲ್ಲಿ ಕೆಲಸ ಎಂದೆ. ಎರಡು ವರ್ಷ ಕಷ್ಟಪಟ್ಟು ಕಲಿತ ಇಂಗ್ಲಿಷು ಆ ದಿನ ತಡೆಯಿಲ್ಲದೆ ಬಂತು. ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿದೆ ಎಂದು ಬಹಳ ದಿನ ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ. ಕೊರಳಲ್ಲಿ ಲಿಂಗ ಇರುವಾಗ ಸುಳ್ಳಾಡುವುದುಂಟೇ ಎಂದೆ. ಆದರೆ ಯಾರೂ ಅಲ್ಲ ಎಂದದ್ದು? ಆ ದಿನ ನಾನು ಆಡಿದ ಮಾತಿನಲ್ಲಿ ಅದೊಂದೇ ಸುಳ್ಳು.

ಅವರು ಪಕ್ಕದ ಮನೆಗೆ ಹೋದರು. ಗೋಡೆ ತೆಳ್ಳಗಿದ್ದದ್ದರಿಂದ ಮಿಸೆಸ್ ಹೋಲ್ಟಳ ಧ್ವನಿ ನನಗೆ ಚೆನ್ನಾಗಿ ಕೇಳುತ್ತಿತ್ತು. ಎಲ್ಲರನ್ನೂ ಹಡಗಿನಲ್ಲಿ ತುಂಬಿ ಕಳಿಸಬೇಕೆನ್ನುವವಳು.

“ಅಂಥಾಂವನ್ನ ಯಾರನೂ ನಾ ನೋಡಿಲ್ಲ. ಡಾಕ್ಟರ, ಅವನ ಹೇಂತಿ. ಅಷ್ಟ. ನಾ ದಿನಾ ಮೆಟ್ಟಲ ತೊಳ್ಯಾಕಿ, ನನಗ ಗೊತ್ತಿಲ್ಲದ ಇಲ್ಲಿ ಬೆಕ್ಕ ಸೈತ ಹೋಗೂದಿಲ್ಲ.”

ಅವರು ರಸ್ತೆಯಾಚೆ ಕಾರಿನಲ್ಲಿ ಕುಳಿತರು. ನಾನು ಪರದೆಯ ಹಿಂದೆ ನಿಂತೆ. ಹಿತ್ತಲ ಬಾಗಿಲಿನಿಂದ ಹೊರಟು, ಗಲ್ಲಿ ಹಿಡಿದು, ಬಸ್ ನಿಲ್ದಾಣಕ್ಕೆ ಹೋಗಿ ಅವನನ್ನು ತಡೆಯಬಹುದಾಗಿತ್ತು. ಅಷ್ಟು ಹೊತ್ತು ಇತ್ತು. ಚಪ್ಪಲಿಯನ್ನೂ ಮೆಟ್ಟಿಕೊಂಡೆ. ಹೋಗಲಿಲ್ಲ.

ಅವನು ಗುಡ್ಡ ಏರಿ ಬರುತ್ತಿದ್ದ. ಮಿಸೆಸ್ ಹೋಲ್ಟ್ ಬಕೆಟ್ಟು ಹಿಡಿದು ಹೊರಗೆ ಬಂದಳು. ತೊಳೆದ ಮೆಟ್ಟಿಲನ್ನೇ ಮತ್ತೆ ತೊಳೆಯುವವಳ ಹಾಗೆ ಬಗ್ಗಿ, ಗಟ್ಟಿಯಾಗಿ ಕೂಗಿದಳು. “ಇವತ್ತ ಕಲ್ಲಿದ್ದಲಿ ಬ್ಯಾಡ! ತಿರುಗಿ ಮನಿಗಿ ಹೋಗು!” ಅವನಿಗೆ ಅರ್ಥವಾಗಲಿಲ್ಲ. ಮುದುಕಿ ಚೇಷ್ಟೆ ಮಾಡುತ್ತಿದ್ದಾಳೆಂದು ನಕ್ಕು, ಕೈ ಎತ್ತಿ ನಮಸ್ಕಾರ ಮಾಡಿ, ನಮ್ಮ ಬಾಗಿಲಿಗೇ ಬಂದ.

“ಅಕ್ಕಾ.”

ನಾನು ಬಾಗಿಲಿನ ಈಚೆ ಇದ್ದೆ. ಕೈ ಚಿಲಕದ ಮೇಲಿತ್ತು.

“ಅಕ್ಕಾ, ಅದೀರೇನ್ರಿ?”

ಕಾರಿನ ಬಾಗಿಲು ಹಾಕಿದ ಸದ್ದು. ರಸ್ತೆ ದಾಟಿ ಬರುವ ಬೂಟಿನ ಸದ್ದು.

“ಅಕ್ಕಾ, ಬ್ಯಾಳಿ ಹೊತ್ತಾಕತ್ತೇತಿ ನೋಡ್ರಿ. ಇಲ್ಲೀತನಾ ವಾಸನಿ ಬರಾಕತ್ತೇತಿ” ಅಂದ. ಅದೇ ಅವನು ನನ್ನ ಬಾಗಿಲಲ್ಲಿ ಆಡಿದ ಕಡೆಯ ಮಾತು. ನಂತರ ಅವರ ಮಾತು, ಅವನ “ಎಸ್ ಸರ್, ಎಸ್ ಸರ್.” ನಂತರ ಕಾರು ಹೊರಟಿತು.

ಮನೆಯವರು ಸಂಜೆ ಬಂದು ಎಲ್ಲ ಕೇಳಿದರು. “ನಮ್ಮ ಹೆಸರ ಬರಕೊಂಡಾರೇನು?” ಎಂದು ಮೊದಲು ಕೇಳಿದರು. ನಮ್ಮ ಮೇಲೆ ಏನೂ ಬರುವುದಿಲ್ಲವೆಂದು ಕೋಟಿನವನು ಹೊರಡುವಾಗ ಹೇಳಿದ ಎಂದೆ. ಅವರು ಉಸಿರು ಬಿಟ್ಟರು. ನಾನೂ ಬಿಟ್ಟೆ. ಆ ರಾತ್ರಿ ಅದನ್ನೇ ದೇವರ ದಯೆಯೆಂದು ಎಣಿಸಿ ಮಲಗಿದೆ. ಎಣಿಸಬಾರದಿತ್ತು.

ಅವನನ್ನು ದೂರದ ಊರಿನ ಜೈಲಿನಲ್ಲಿ ಕೆಲವು ವಾರ ಇಟ್ಟಿದ್ದರು. ನಾನು ಹೋಗಲಿಲ್ಲ, ಹೋದರೆ ಸಂಬಂಧವಿದೆ ಎಂದಾಗುತ್ತದೆ ಎಂದು ಹೆದರಿದೆ. ಮಿಸೆಸ್ ಹೋಲ್ಟ್ ಎರಡು ಬಸ್ಸು ಬದಲಿಸಿ ಹೋಗಿ, ತಾನು ಹೆಣೆದ ಮಫ್ಲರು ಕೊಟ್ಟು ಬಂದಳು. ನನ್ನ ಮೇಲೆ ಅವಳು ಕೂಗಾಡಲಿಲ್ಲ. ಮರುದಿನದಿಂದ ತನ್ನ ಮೆಟ್ಟಿಲನ್ನಷ್ಟೇ ತೊಳೆದು, ಗೋಡೆ ಸೇರುವಲ್ಲಿ ಗೆರೆ ನಿಲ್ಲಿಸಿದಳು. ಹಲವು ದಿನಗಳ ಮೇಲೆ ನಾನೇ ಧೈರ್ಯ ಮಾಡಿ ಕೇಳಿದೆ, ಅಂಥವರನ್ನು ಕಳಿಸಬೇಕೆಂದು ನೀವೇ ಹೇಳುತ್ತಿದ್ದಿರಲ್ಲ?

“ಅಡಗಿಮನ್ಯಾಗ ಕುಂತು ನಾ ಏನೇನರ ಅಂತೇನಿ. ಅದು ಟೀವಿ ನೋಡಿ ಆಡೂ ಮಾತು. ಅಂವ ಮ್ಯಾಲಿ. ನನ್ನ ಇದ್ದಲಿ ಹೊತ್ತಾಂವ” ಅಂದಳು. ಬಕೆಟ್ಟಿನ ನೀರು ಚೆಲ್ಲಿ ಒಳಗೆ ಹೋದಳು.

ಮೂರು ವರ್ಷದ ಮೇಲೆ, ಕಳೆದ ವರ್ಷ, ನಾನು ಊರಿಗೆ ಹೋದೆ. ಮನಗೂಳಿಯಲ್ಲಿ ತವರಿನವರು ನನ್ನ ಬಿಳಿ ಚರ್ಮದ ಕೈಚೀಲ ನೋಡಿ ಹಿಗ್ಗಿದರು. ದೇವಣಗಾಂವದಲ್ಲಿ ಓಣಿಯವರೆಲ್ಲ ಬಂದು ಇಂಗ್ಲೆಂಡಿನ ಸುದ್ದಿ ಕೇಳಿದರು. ಚಳಿ, ಹಿಮ, ಹಾಲಿನ ಬಾಟಲಿ ಎಲ್ಲ ಹೇಳಿದೆ. ಇದನ್ನು ಹೇಳಲಿಲ್ಲ. ಒಂದು ದಿನ ಬಸವನ ಬಾಗೇವಾಡಿಯ ಗುಡಿಗೆ ಹೋಗುತ್ತೇನೆಂದು ಹೊರಟವಳು, ದರ್ಶನ ಮಾಡಿಕೊಂಡು ಮುದ್ದೇಬಿಹಾಳದ ಬಸ್ಸು ಹತ್ತಿದೆ. ಅಲ್ಲಿಂದ ನಾಲತವಾಡ.

ಬಸ್ ನಿಲ್ದಾಣದ ಎದುರಿಗೇ ಅವನ ಚಹಾದಂಗಡಿ. ನನ್ನನ್ನು ಕಂಡವನೇ ಹೆಗಲ ಮೇಲಿನ ವಸ್ತ್ರ ತೆಗೆದು ಬೆಂಚು ಒರೆಸಿದ.

“ಬರ್ರಿ ಬಾಯಾರ, ಬರ್ರಿ. ಯಾವಾಗ ಬಂದ್ರಿ? ಸಾಹೇಬ್ರು ಆರಾಮ ಅದಾರ್ರಿ?”

ಬಾಯಾರ. ನಮ್ಮ ಕಡೆ ಗೌಡರ, ಡಾಕ್ಟರರ ಮನೆಯ ಹೆಂಗಸರಿಗೆ ಕೂಲಿಯವರು ಹಾಗೆ ಅನ್ನುತ್ತಾರೆ. ಮರ್ಯಾದೆಯ ಮಾತು, ಅದರಲ್ಲಿ ಯಾವ ತಪ್ಪೂ ಇಲ್ಲ. ಬಾಯಿ ತಪ್ಪಿ ಬಂದಿರಬೇಕೆಂದುಕೊಂಡೆ.

ಮನೆಗೆ ಕರೆದುಕೊಂಡು ಹೋದ. ಕಂಬಳಿ ಹಾಸಿದ. ಅವನ ಮುಪ್ಪಿನ ತಾಯಿ ನನ್ನ ಗದ್ದ ಹಿಡಿದು ನೋಡಿದಳು. “ಅಕ್ಕಾ ಅಕ್ಕಾ ಅಂತ ಕಾಗದ ತುಂಬ ಬರಸ್ತಿದ್ದ. ಇಕಿನೇನೋ ಮಾಳ್ಯಾ ನಿಮ್ಮಕ್ಕ?”

ಅವನು ಕಪ್ಪು ತೊಳೆಯುತ್ತ, “ಡಾಕ್ಟರ ಬಾಯಾರು ಅವ್ರು, ಅವ್ವಾ” ಅಂದ.

ಮುದುಕಿಗೆ ಅದು ಕಿವಿಗೇ ಬೀಳಲಿಲ್ಲ. ಒಳಗಿನಿಂದ ಕುಬಸದ ಹಸಿರು ಖಣ ತಂದಳು, ಒಂದು ಹಿಡಿ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ತಂದಳು. ನನ್ನ ಸೆರಗು ಹಿಡಿದು ಉಡಿ ತುಂಬತೊಡಗಿದಳು. ತವರಿಗೆ ಬಂದ ಹೆಣ್ಣುಮಕ್ಕಳಿಗೆ ಮಾಡುವ ಹಾಗೆ.

ನನಗೆ ತಡೆಯಲಾಗಲಿಲ್ಲ. “ಅವ್ವಾ, ನಾ ನಿಮ್ಮ ಮಗಗ...” ಎಂದು ಶುರು ಮಾಡಿದೆ.

“ಬಿಡ್ರಿ ಬಾಯಾರ” ಎಂದ ಮಾಳಪ್ಪ. “ಆಕಿಗೆ ಕಿವಿ ಮಂದ. ಇದ್ದದ್ದ ನಾಲ್ಕ ದಿನ, ಖುಷಿಯಿಂದ ಇರಲಿ.”

ತಿರುಗಿ ಬಸ್ ನಿಲ್ದಾಣಕ್ಕೆ ನಡೆಯುವಾಗ ನಾನು ಹಿಂದೆ ಉಳಿದೆ, ಅವನು ನಿಂತ. ಎಲ್ಲ ಹೇಳಿದೆ. ಬಾಗಿಲ ಹಿಂದೆ ನಿಂತದ್ದು, ತೆರೆಯದೆ ಇದ್ದದ್ದು, ಯಾರೂ ಅಲ್ಲ ಎಂದದ್ದು.

“ಗೊತ್ತೈತ್ರಿ. ನೀವು ಅಂದದ್ದನ್ನೆಲ್ಲ ಅವ್ರು ಬರಕೊಂಡಿದ್ರು. ನಂಗ ಓದಿ ಹೇಳಿದ್ರು.”

“ಸಿಟ್ಟ ಬರಲಿಲ್ಲೇನೋ?”

“ಬಂತ್ರಿ. ಮುಂಬಯಿ ಮುಟ್ಟೂತನಾ ಇತ್ರಿ. ಆಮ್ಯಾಲ ಹೋತು. ನಿಮಗೂ ಸಂಸಾರ ಇತ್ತಲ್ಲರಿ, ಹೆದರಿಕಿ ಯಾರಿಗಿಲ್ಲ? ನಿಮ್ಮ ಉಪ್ಪ ಉಂಡೇನಿ, ನಾ ನಿಮಗ ಕೆಟ್ಟ ಬಯಸಾಂವಲ್ಲ.” ಬಸ್ಸಿನ ಕಡೆ ನೋಡಿ, “ಬೇಗ ಹತ್ತರಿ, ಕುಂದ್ರಾಕ ಜಾಗ ಸಿಗತೈತಿ” ಅಂದ.

“ಮತ್ತ ಅಕ್ಕಾ ಅನ್ನವಲ್ಲಿ ಯಾಕ?”

ನಾನು ಕೇಳಬಾರದಿತ್ತು. ಅವನು ಚುಚ್ಚಬೇಕೆಂದು ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ.

“ಇಲ್ಲೆ ನಂಗ ಸ್ವಂತ ಅಕ್ಕಂದಿರು ಮೂರು ಮಂದಿ ಅದಾರ್ರಿ ಬಾಯಾರ. ಅಲ್ಲೆ ಯಾರೂ ಇರಲಿಲ್ಲ, ಅದಕ್ಕ ನಿಮಗ ಅಂದೆ.”

ಬಸ್ಸು ಹೊರಟಿತು. ಕಿಟಕಿಯಿಂದ ನೋಡಿದೆ. ಕೈ ಮುಗಿದುಕೊಂಡು ನಿಂತಿದ್ದ, ದೊಡ್ಡವರ ಮನೆಯವರನ್ನು ಕಳಿಸುವಾಗ ನಿಲ್ಲುವ ಹಾಗೆ.

ಈಗ ಮತ್ತೆ ಇಂಗ್ಲೆಂಡಿನಲ್ಲಿದ್ದೇನೆ. ಊರಿನಲ್ಲಿದ್ದಾಗ ಇಲ್ಲಿಯ ಮನೆ ನೆನಪಾಗುತ್ತಿತ್ತು, ಇಲ್ಲಿ ಬಂದರೆ ಮನಗೂಳಿಯ ಬಿಸಿಲು ನೆನಪಾಗುತ್ತದೆ. ಹೊರದೇಶಕ್ಕೆ ಹೋದವರೆಲ್ಲ ಹೀಗೆ ಬರೆಯುತ್ತಾರೆ, ಅದು ಸುಳ್ಳಲ್ಲ. ಆದರೆ ನನ್ನ ಸಂಕಟ ಬಿಸಿಲಿನದಲ್ಲ. ಆ ಉಡಿಯ ಅಕ್ಕಿಯನ್ನು ಮನಗೂಳಿಯಲ್ಲೇ ತಾಯಿಯ ಕೈಗೆ ಕೊಟ್ಟು ಬಂದೆ. ಮನೆಗೆ ಒಯ್ದು ಬೇಯಿಸಿ ಉಣ್ಣಬೇಕಾದದ್ದು, ನನಗೆ ಗಂಟಲಲ್ಲಿ ಇಳಿಯುವಂತಿರಲಿಲ್ಲ. ಯಾರು ತುಂಬಿದರೆಂದು ತಾಯಿ ಕೇಳಿದಳು. ಪರಿಚಯದವರು ಎಂದೆ.

ಮನೆಯವರು ಇಲ್ಲಿಯ ಪ್ರಜೆಗಳಾಗುವ ಅರ್ಜಿ ತಂದಿದ್ದಾರೆ. ನಿನ್ನೆ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡು ನಾವಿಬ್ಬರೂ ತುಂಬುತ್ತಿದ್ದೆವು. ಹುಟ್ಟಿದ ಊರು, ಬಂದ ವರ್ಷ, ಹಾಕಿಸಿಕೊಂಡ ಮುದ್ರೆಗಳು. ನನ್ನ ಕಾಗದಪತ್ರಗಳೆಲ್ಲ ಸರಿಯಾಗಿದ್ದವು. ಒಂದು ಕಡೆ, ಗಂಡನನ್ನು ಬಿಟ್ಟು ಈ ದೇಶದಲ್ಲಿ ನಿಮ್ಮ ಬಂಧುಗಳು ಬೇರೆ ಯಾರಿದ್ದಾರೆ ಎಂದಿತ್ತು. ನಾನು ಪೆನ್ನು ಹಿಡಿದು ಕುಳಿತುಬಿಟ್ಟೆ.

“ಯಾಕ ನಿಲ್ಲಿಸಿದಿ? ಯಾರೂ ಇಲ್ಲ ಅಂತ ಬರಿ” ಅಂದರು.

ಬರೆದೆ. ಈ ಸಲ ಅದು ನಿಜವಾಗಿತ್ತು.